ಖಂಡಪ್ಪನ ಸೀಡಿಗೆ ಖಂಡೇಪೂಜೆ

ಮುಲುಂಡಿನ ಖಂಡಪ್ಪನ ಜಾತಕದ ಸೀಡಿಗೆ ಅವನ ಹೆಂಡತಿ ರುಕ್ಮಿಣಿಬಾಯಿ ದಸರೆಯ ಆಯುಧಪೂಜೆ, ಅಂದರೆ ಖಂಡೇಪೂಜೆಯ ದಿನ ಕುಂಕುಮ ಹಚ್ಚಿದಳು. ಹಚ್ಚಿದಳು ಎಂದರೆ ಒಂದು ಬೊಟ್ಟಲ್ಲ. ಇಡೀ ಮುಂಬಯಿಯ ಮುತ್ತೈದೆಯರಿಗೆ ವರ್ಷವಿಡೀ ಸಾಲುವಷ್ಟು. ಮೇಲೆ ತೆಂಗಿನಕಾಯಿಯ ನೀರು ಬೇರೆ.

“ಮ್ಯಾಲಿನ ಮನಿ ಗುರುಬಾಯಿ ಅಕ್ಕಾರ ಹೇಳ್ಯಾರ್ರೀ, ಸೀಡಿಗೂ ಪೂಜಾ ಮಾಡಿದ್ರ ಬಾಳಾ ದಿನಾ ಬರ್ತೈತಿ ಅಂತ” ಎಂದಳು.

ಆ ಸೀಡಿ ಕಂಪ್ಯೂಟರಿನೊಳಗೆ ಕೂತರೆ ಮಾತ್ರ ಜಾತಕದ ಸಾಫ್ಟ್‌ವೇರ್ ತೆರೆಯುತ್ತಿತ್ತು. ಪೂಜೆಯಾದ ಮೇಲೆ ಅದು ಮನಸ್ಸು ಬಂದಾಗ ಓದುವುದು, ಇಲ್ಲದಿದ್ದರೆ ದಮ್ಮು ಹತ್ತಿದ ಎಮ್ಮೆಯಂತೆ ಗೊರಗುಟ್ಟುವುದು. ಭಾನುವಾರ ಸಂಜೆಯೋ ಕನ್ನಡ ಸಂಘದಲ್ಲಿ ವಧು-ವರರ ಸಮಾವೇಶ. ಎಲ್ಲರ ಜಾತಕ ಕೂಡಿಸಿಕೊಡುತ್ತೇನೆಂದು ಖಂಡಪ್ಪ ಮೈಕಿನಲ್ಲೇ ಸಾರಿಬಿಟ್ಟಿದ್ದ. ಆಫೀಸಿನಲ್ಲಿ ಅವನನ್ನು ಫ್ಯಾನು ಕೂಡ ತಿರುಗಿ ನೋಡುವುದಿಲ್ಲ. ಬಿಲ್ಡಿಂಗಿನಲ್ಲಿ ‘ಜೋಯಿಸರ’ ಎನ್ನಿಸಿಕೊಳ್ಳುವುದೊಂದೇ ಅವನ ಬಾಳಿನ ಮರ್ಯಾದೆ.

“ಇದು ಪೂರ್ತಿ ಸಾಯೂದ್ರೊಳಗ ಒಂದು ಕಾಪಿ ಮಾಡಿಸಿ ಇಡಬೇಕು” ಎಂದು ಭಾನುವಾರ ಬೆಳಿಗ್ಗೆ ಲಿಫ್ಟಿನ ಮುಂದೆ ಗೊಣಗಿದ್ದೇ ತಪ್ಪಾಯಿತು.

“ಕಾಪಿ?” ಎಂದು ಗುಡುಗಿದ ತಿಲಕ್. ಗುರುಬಾಯಿಯ ಗಂಡ, ಸೊಸೈಟಿಯ ಸೆಕ್ರೆಟರಿ. ಖಂಡಪ್ಪನಿಗೆ ಆ ಸಾಫ್ಟ್‌ವೇರ್ ಮಾರಿದವನೂ ಅವನೇ. “ಅದು ಪೈರಸಿ ಆಗ್ತೈತಿ ಖಂಡಪ್ಪಾರ! ಜೇಲಿಗೆ ಹಾಕ್ತಾರ! ಚೊಕ್ಕ ಒರಿಜಿನಲ್ ಕೊಟ್ಟೀನಿ, ಬಾಯಿ ಮುಚ್ಕೊಂಡು ಮನ್ಯಾಗ ಇಟ್ಕೋರಿ!”

ಆ ಕೂಗಿಗೆ ಥಾಣೆಯ ಕಾಗೆಗಳೂ ಎದ್ದು ಹಾರಿದವು. ಬಿಲ್ಡಿಂಗ್ ಪೂರ್ತಿ ನೆರೆಯಿತು. ಕಡೆಗೆ ಎರಡನೇ ಮಹಡಿಯ ವಕೀಲೆ ಅನುರಾಧಾ ಹಲ್ಲುಜ್ಜುತ್ತಲೇ ಇಳಿದು ಬಂದಳು. ಮುಂಬಯಿಯಲ್ಲೇ ಹುಟ್ಟಿದ ಹುಡುಗಿ. ಅವಳ ಕನ್ನಡ ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್.

“ಅಂಕಲ್, ಟೆನ್ಶನ್ ಮತ್ ಲೋ. ಕಾನೂನಲ್ಲಿ ಇದೆ. ಖರೀದಿ ಮಾಡಿದವರು… ಹಾಳಾದ್ರೆ ಬೇಕು ಅಂತ… ಬ್ಯಾಕಪ್ ಇಟ್ಕೋಬಹುದು. ಬಸ್, ನಿಮ್ಮದು ಒರಿಜಿನಲ್ ಹೋನಾ ಚಾಹಿಯೆ… ಇರಬೇಕು.”

“ಕೇಳಿದ್ರಿಲ್ಲೋ ಸೆಕ್ರೆಟರಿ ಸಾಹೇಬ್ರ?” ಎಂದು ಖಂಡಪ್ಪ ಎದೆ ಉಬ್ಬಿಸಿದ. ಅಂಗಿಯ ಗುಂಡಿಯೊಂದು ಕಿತ್ತು ಮುಂದಿನ ಬಿಲ್ಡಿಂಗಿಗೆ ಹಾರಿತು.

ತಿಲಕ್ ಸೋಲುವವನೇ? ಸ್ಟೇಷನ್ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆಲ್ಲ ಫೋನ್ ಮಾಡಿ ಹೆದರಿಸಿದ. ಖಂಡಪ್ಪ ಹೋದಲ್ಲೆಲ್ಲ ಕೈ ಮುಗಿದು ಕಳಿಸಿದರು. ಹಾಳಾಗಿ ಹೋಗಲಿ ಎಂದು ಅವನು ದೂರದ ಗ್ರಾಂಟ್ ರೋಡಿನ ಕಂಪ್ಯೂಟರ್ ಬಜಾರಿಗೆ ಹೊರಟರೆ, “ನಿಮ್ಮನ್ನ ಪೊಲೀಸ್ರು ಹಿಡಿದ್ರ ಬಿಡಿಸಾಕ ಯಾರರ ಬೇಕಲ್ಲ” ಎಂದು ತಿಲಕ್ ಕೂಡ ಲೋಕಲ್ ಹತ್ತಿದ.

ರೈಲಿನ ಡಬ್ಬಿಯಲ್ಲಿ ಪ್ರಯಾಣಿಕರ ಭಜನೆ ನಿಂತು ಚರ್ಚೆ ಶುರುವಾಯಿತು. ಅರ್ಧ ಜನ ಕಾಪಿಯ ಕಡೆ, ಅರ್ಧ ಜನ ಜೇಲಿನ ಕಡೆ. ಕಿಟಕಿಯ ಪಕ್ಕದವನೊಬ್ಬ, “ಭಾವೂ, ಮಾಡಿಸೂದ ಮಾಡಿಸ್ತೀರಿ, ನನಗೂ ಒಂದು ತೆಗಸ್ರಿ” ಎಂದ. ದಾದರಿನಲ್ಲಿ ಗಾಡಿ ಬದಲಿಸುವ ನೂಕುನುಗ್ಗಲಲ್ಲಿ ಖಂಡಪ್ಪನ ಒಂದು ಚಪ್ಪಲಿ ಗಾಡಿಯ ಜೊತೆಗೇ ಮುಂದಕ್ಕೆ ಹೋಯಿತು. ಸೀಡಿಯನ್ನು ಮಾತ್ರ ಅವನು ಸುದರ್ಶನ ಚಕ್ರದಂತೆ ಮೇಲೆತ್ತಿ ಹಿಡಿದಿದ್ದ.

ಗ್ರಾಂಟ್ ರೋಡಿನ ಅಂಗಡಿಯ ಕಿಶೋರ ಧಾರವಾಡದವನು. “ಇದೇನ್ರೀ, ಸೀಡಿನೋ ಆರತಿ ತಟ್ಟಿನೋ?” ಎಂದು ಒದ್ದೆ ಬಟ್ಟೆಯಿಂದ ಗಸಗಸ ಉಜ್ಜಿದ.

“ಏ, ಉಜ್ಜಬ್ಯಾಡೋ!” ಎಂದು ತಿಲಕ್ ಚೀರಿದ.

ಕುಂಕುಮ ಹೋಯಿತು. ಅದರ ಜೊತೆಗೆ, ತೆಂಗಿನಕಾಯಿ ನೀರಿಗೆ ನೆನೆದಿದ್ದ ಬಣ್ಣದ ಸ್ಟಿಕ್ಕರೂ ಕಿತ್ತು ಬಂತು. ಕೆಳಗೆ ಕಪ್ಪು ಪೆನ್ನಿನಲ್ಲಿ, ಸೊಸೈಟಿಯ ನೋಟೀಸುಗಳಲ್ಲಿ ಎಲ್ಲರೂ ಕಂಡ ದುಂಡು ಅಕ್ಷರ: ‘ತಿಲಕ್. ಬ್ಯಾಕಪ್.’

“ಒರಿಜಿನಲ್‌ದು ಬ್ಯಾಕಪ್ ಮಾಡಿಕೊಡ್ತೀನ್ರೀ” ಎಂದು ಕಿಶೋರ ಸೀಡಿ ಹಿಂದಕ್ಕೆ ಸರಿಸಿದ. “ಮಾರಿದ ಬ್ಯಾಕಪ್ಪಿಗೆ ಮತ್ತ ಬ್ಯಾಕಪ್ಪು ಅಂದ್ರ ನಾ ಒಲ್ಲೆ.”

ಖಂಡಪ್ಪ ತಿಲಕನ ಕೊರಳಪಟ್ಟಿ ಹಿಡಿದ. “ಒರಿಜಿನಲ್ ಎಲ್ಲೈತಿ? ತಗೀ ಮೊದಲ!”

“ಬ್ಯಾಕಪ್ ಇಡೂದು ಕಾಯ್ದೇದಾಗ ಐತಿ ಅಂತ ಅನುರಾಧಾನ ಹೇಳಿದ್ಲಲ್ರೀ…”

“ಒರಿಜಿನಲ್ ಎಲ್ಲೈತಿ ಅಂದೆ!”

ತಿಲಕನ ಮುಖ ಸೋರೆಕಾಯಿಯಷ್ಟು ಉದ್ದವಾಯಿತು. “ಅದು ಇದ್ದಿದ್ರ ಅದನ್ನ ಕೊಡ್ತಿದ್ದಿಲ್ಲೇನ್ರೀ? ಹೋದ ವರ್ಷ ನಮ್ಮ ಗುರುಬಾಯಿ ಅದಕ್ಕ ಖಂಡೇಪೂಜಾ ಮಾಡಿಬಿಟ್ಲು.”

ಅಷ್ಟರಲ್ಲಿ ಖಂಡಪ್ಪನ ಫೋನು ಬಡಿದುಕೊಂಡಿತು. ರುಕ್ಮಿಣಿಬಾಯಿ.

“ಎಲ್ಲಿದ್ದೀರಿ? ಸಂಘದವರು ಬಂದು ಕುಂತಾರ. ಹೊಸಾ ಸೀಡಿ ಲಗೂನ ತರ್ರಿ, ನಾ ಆಗಲೇ ಕುಂಕುಮಾ ಕಲಿಸಿ ಇಟ್ಟೀನಿ!”