ಪೂರ್ವಾನುಮತಿ ಇಲ್ಲದೆ ಆದ ಒಂದು ಕೋಟಿ

ಸಂಖ್ಯೆ: ಕಚೇರಿ/ರವಾನೆ/ಕೋಟಿ/1
ದಿನಾಂಕ: (ದಿನಾಂಕದ ಮೊಹರು ರವಾನೆ ಶಾಖೆಯ ಬೀಗ ಹಾಕಿದ ಡ್ರಾಯರಿನಲ್ಲಿರುವುದರಿಂದ ನಂತರ ಒತ್ತಲಾಗುವುದು)

ಸುತ್ತೋಲೆ

ವಿಷಯ: ರವಾನೆ ಶಾಖೆಯ ಗುಮಾಸ್ತರೊಬ್ಬರು ಕಚೇರಿಯ ಪೂರ್ವಾನುಮತಿ ಪಡೆಯದೆ, ಯಾರಿಗೂ ಗೊತ್ತಾಗದಂತೆ, ಇಪ್ಪತ್ತೆಂಟು ವರ್ಷ ಹಣ ತೊಡಗಿಸಿ ಕೋಟಿ ಮುಟ್ಟಿರುವ ಬಗ್ಗೆ ಹಾಗೂ ಇತರ ಸಿಬ್ಬಂದಿ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ.

ಉಲ್ಲೇಖ:
1. ಕಿಟಕಿಯ ಪಕ್ಕಕ್ಕೆ ತಮ್ಮ ಮೇಜು ಹಾಕಿಕೊಡುವಂತೆ ಸದರಿ ಗುಮಾಸ್ತರು ಸಲ್ಲಿಸಿದ ಅರ್ಜಿಗಳು (ಒಟ್ಟು ಹದಿನಾಲ್ಕು).
2. ಸದರಿ ಅರ್ಜಿಗಳ ಮೇಲಿನ ಷರಾ, 'ನೋಡೋಣ' (ಒಟ್ಟು ಹದಿನಾಲ್ಕು).
3. ಸದರಿ ಗುಮಾಸ್ತರ ಸ್ವಯಂ ನಿವೃತ್ತಿ ಪತ್ರ, ಕಳೆದ ಗುರುವಾರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ನೆಲಮಹಡಿಯಲ್ಲಿ ಶೌಚಾಲಯದ ಬಾಗಿಲಿಗೆ ಒತ್ತಿಕೊಂಡಿರುವ ಮೇಜಿನಲ್ಲಿ ಕೂತು, ಹೊರಹೋಗುವ ಪತ್ರಗಳನ್ನು ಲಕೋಟೆಗೆ ಹಾಕಿ ಅಂಟಿಸುವ, ಸಿಬ್ಬಂದಿ ವಲಯದಲ್ಲಿ 'ಗೋಂದಕ್ಕ' ಎಂದು ಕರೆಯಲ್ಪಡುವ ಗುಮಾಸ್ತರ ಮ್ಯೂಚುವಲ್ ಫಂಡ್ ಖಾತೆಯು ಕಳೆದ ತಿಂಗಳ ಮೊದಲ ಮಂಗಳವಾರ ಒಂದು ಕೋಟಿ ನಾನೂರ ಹನ್ನೆರಡು ರೂಪಾಯಿ ಮುಟ್ಟಿರುವುದು ಕಂಡುಬಂದಿದೆ. ಅಂದು ಸದರಿಯವರು ಇನ್ನೂರ ಹದಿನಾಲ್ಕು ಲಕೋಟೆ ಅಂಟಿಸಿದ್ದು, ಒಂದೂ ಸೊಟ್ಟಗಾಗಿಲ್ಲ. ಸಂಜೆ ಎಂದಿನ ಬಸ್ಸಿಗೇ ಹೋಗಿರುತ್ತಾರೆ.

ವಿಷಯ ಬೆಳಕಿಗೆ ಬಂದ ಬಗೆಯನ್ನು ಕೆಲವರು ತಿರುಚಿ ಹೇಳುತ್ತಿರುವುದರಿಂದ ಇಲ್ಲಿ ಸ್ಪಷ್ಟಪಡಿಸಲಾಗಿದೆ. ಗೋಂದಕ್ಕನವರು ತಮ್ಮ ಖಾತೆಯ ವಿವರದ ಒಂದು ಹಾಳೆಯನ್ನು, ಲಿಖಿತ ಅನುಮತಿ ಪಡೆದೇ, ಕಚೇರಿಯ ಪ್ರಿಂಟರಿನಲ್ಲಿ ತೆಗೆದಿದ್ದಾರೆ. ಅದೇ ಹೊತ್ತಿಗೆ ಪೊರಕೆ ಖರೀದಿಯ ಕಡತವೂ ಪ್ರಿಂಟ್ ಆಗುತ್ತಿದ್ದು, ಸದರಿ ಹಾಳೆಯು ಕಡತದ ಏಳನೇ ಪುಟವಾಗಿ ಸೇರಿಕೊಂಡಿದೆ. ಪೊರಕೆಯ ಕಡತವಾದ್ದರಿಂದ ಓದುವ ಪ್ರಮೇಯ ಬರಲಿಲ್ಲ. ಕೆಳಸಹಿದಾರನಾದ ನಾನು 'ಪರಿಶೀಲಿಸಿದೆ' ಎಂದು ಬರೆದೆನು. ನಗದು ಗುಮಾಸ್ತರು 'ದರ ಸ್ವಲ್ಪ ಜಾಸ್ತಿ ಎನಿಸುತ್ತದೆ' ಎಂದು ಬರೆದರು. ಮೇಲಧಿಕಾರಿಗಳು 'ಅನುಮೋದಿಸಿದೆ' ಎಂದು ಹಸಿರು ಶಾಯಿಯಲ್ಲಿ ಸಹಿ ಮಾಡಿದರು. ಮರುದಿನ, ಒಂದು ಕೋಟಿಯ ಆದೇಶ ಕೈಸೇರಿದ ಪೊರಕೆ ಸರಬರಾಜುದಾರರು ಗದ್ಗದ ದನಿಯಲ್ಲಿ ಫೋನ್ ಮಾಡಿ, 'ಸಾರ್, ಎಷ್ಟು ಲಾರಿ ಕಳಿಸ್ಲಿ? ಇಳಿಸ್ಕೊಳ್ಳೋಕೆ ಜಾಗ ಇದ್ಯಾ?' ಎಂದು ವಿಚಾರಿಸಿದ ಮೇಲಷ್ಟೇ ಏಳನೇ ಪುಟವನ್ನು ತೆರೆದು ನೋಡಲಾಯಿತು.

ಹೀಗೆ ಸದರಿ ಕೋಟಿಗೆ ಈ ಕಚೇರಿಯ ಪೂರ್ವಾನುಮತಿ ಇಲ್ಲದಿದ್ದರೂ ಅನುಮೋದನೆ ಇದೆ. ಇಂಥ ಸಂದರ್ಭ ಹಿಂದೆಂದೂ ಬಂದಿರದ ಕಾರಣ ಕೆಳಸಹಿದಾರ, ನಗದು ಗುಮಾಸ್ತ ಹಾಗೂ ಚಹಾ ಸಂಘದ ಕಾರ್ಯದರ್ಶಿ ಇವರನ್ನೊಳಗೊಂಡ ಮೂವರ ಸಮಿತಿ ರಚಿಸಲಾಯಿತು. ಸಮಿತಿಯ ಮುಂದೆ ಗೋಂದಕ್ಕನವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ಕೊಡಲಾಗಿದೆ:

'ಸೇರಿದ ವರ್ಷ ಟೀ ಸಂಘಕ್ಕೆ ದುಡ್ಡು ಕೇಳಿದ್ರಿ. ನಾನು ಫ್ಲಾಸ್ಕ್ ತರ್ತೀನಿ ಅಂದೆ. ಆ ದುಡ್ಡಿಗೆ ಇನ್ನೊಂದಿಷ್ಟು ಸೇರ್ಸಿ ತಿಂಗಳು ತಿಂಗಳು ಫಂಡಿಗೆ ಹಾಕ್ತಾ ಬಂದೆ. ಸಂಬಳ ಜಾಸ್ತಿ ಆದಾಗೆಲ್ಲ, ಜಾಸ್ತಿ ಆದದ್ರಲ್ಲಿ ಅರ್ಧ ಅಲ್ಲಿಗೇ. ಪೇಟೆ ಬಿದ್ದಾಗ ನೀವೆಲ್ಲ ಪೇಪರ್ ಹಿಡ್ಕೊಂಡು ತಲೆ ಮೇಲೆ ಕೈ ಇಟ್ಕೊಂಡಿದ್ರಿ, ನಾನು ಲಕೋಟೆ ಅಂಟಿಸ್ತಿದ್ದೆ. ಇನ್ನೇನೂ ಮಾಡ್ಲಿಲ್ಲ ಸಾರ್. ಹಾಕಿದ್ದನ್ನ ತೆಗೀಲಿಲ್ಲ, ಅಷ್ಟೇ.'

'ಏನೂ ಮಾಡಲಿಲ್ಲ' ಎಂಬುದನ್ನು ಕಾರ್ಯವಿಧಾನವೆಂದು ಒಪ್ಪಲು ಸಮಿತಿಗೆ ಕಷ್ಟವಾಗಿದೆ. ಏನೂ ಮಾಡದಿರುವುದು ಈ ಕಚೇರಿಯಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದು, ಹಿರಿಯ ಸಿಬ್ಬಂದಿಯೆಲ್ಲ ಅದರಲ್ಲಿ ಪಳಗಿದವರೇ ಆಗಿರುತ್ತಾರೆ. ಹಾಗಿದ್ದೂ ಬೇರೆ ಯಾರಿಗೂ ಕೋಟಿ ಆಗದಿರುವುದಕ್ಕೆ ಕಾರಣ ತಿಳಿದುಬಂದಿಲ್ಲ. ಬೇರೆ ಏನಾದರೂ ಹೇಳುವುದಿದೆಯೇ ಎಂದು ಕೇಳಲಾಗಿ ಗೋಂದಕ್ಕನವರು, 'ಆ ಕಿಟಕಿ ವಿಷ್ಯ ಏನಾಯ್ತು ಸಾರ್?' ಎಂದಿರುತ್ತಾರೆ. ಇದು ಪ್ರಕರಣಕ್ಕೆ ಸಂಬಂಧಪಡದ ಕಾರಣ ಸಮಿತಿಯು ಪರಿಗಣಿಸಿಲ್ಲ.

ಆದ್ದರಿಂದ ಈ ಕೆಳಕಂಡ ಸೂಚನೆಗಳನ್ನು ಎಲ್ಲರೂ ತಪ್ಪದೆ ಪಾಲಿಸುವಂತೆ ಈ ಮೂಲಕ ಆದೇಶಿಸಲಾಗಿದೆ.

1. ಇನ್ನು ಮುಂದೆ ಯಾರೂ ಗೋಂದಕ್ಕನವರ ಮೇಜಿನ ಮೇಲೆ ಪತ್ರ ಎಸೆದು 'ಏ, ಇದನ್ನೊಂದಿಷ್ಟು ಅಂಟ್ಸಮ್ಮ' ಎನ್ನತಕ್ಕದ್ದಲ್ಲ. ಪತ್ರವನ್ನು ಎರಡೂ ಕೈಯಿಂದ ಇಟ್ಟು, 'ಅಕ್ಕಾ, ಬಿಡುವಾದಾಗ' ಎನ್ನತಕ್ಕದ್ದು. ನಗದು ಗುಮಾಸ್ತರು ಇದರೊಂದಿಗೆ ಮೂರು ಅಡಿ ಹಿಂದೆ ಸರಿದು ನಿಲ್ಲುವುದು. ಯಾವ ಫಂಡಿಗೆ ಹಾಕಬೇಕು ಎಂದು ಇವರು ಒಂದೇ ದಿನ ಹನ್ನೊಂದು ಬಾರಿ ಕಿವಿಯಲ್ಲಿ ಕೇಳಿರುವುದು ಸಮಿತಿಯ ಗಮನಕ್ಕೆ ಬಂದಿದೆ.

2. ವಿಷಯ ಬೆಳಕಿಗೆ ಬಂದ ನಂತರ ಏಳು ಮಂದಿ ಸಿಬ್ಬಂದಿ ತಾವು ಗೋಂದಕ್ಕನವರ ಹತ್ತಿರದ ಸಂಬಂಧಿಕರೆಂದು ಘೋಷಿಸಿಕೊಂಡಿದ್ದಾರೆ. ಇಂಥವರು ವಂಶವೃಕ್ಷವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. 'ಚಿಕ್ಕಮ್ಮನ ಮಗನ ಹೆಂಡತಿಯ ಅಣ್ಣನ ಪಕ್ಕದ ಮನೆಯವರು' ಎಂಬ ಸಂಬಂಧವನ್ನು ಮಧ್ಯಾಹ್ನದ ಊಟದ ವಿರಾಮದಲ್ಲಿ ಮಾತ್ರ ಚಲಾಯಿಸಲು ಅವಕಾಶವಿದೆ.

3. ಕೈಸಾಲ ಕೇಳಬಯಸುವವರು ಜವಾನರಿಂದ ಟೋಕನ್ ಪಡೆದು ತಮ್ಮ ಸರದಿಗೆ ಕಾಯುವುದು. ಸಾಲ ಕೇಳುವ ಮುನ್ನ ಸದರಿಯವರ ಕೊಡೆಯನ್ನು ಹೊಗಳುವುದನ್ನು ನಿಷೇಧಿಸಲಾಗಿದೆ. ಸದರಿ ಕೊಡೆಗೆ ಎರಡು ಕಡ್ಡಿ ಮುರಿದಿದ್ದು, 'ಎಂಥಾ ಕೊಡೆ ಅಕ್ಕಾ ಇದು' ಎಂದು ದಿನಕ್ಕೆ ನಾಲ್ಕು ಜನ ಹೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ.

4. ಕೋಟಿಯ ನಂತರವೂ ಸದರಿಯವರು ಅದೇ ಕೊಡೆ, ಅದೇ ಚಪ್ಪಲಿ, ಅದೇ ಫ್ಲಾಸ್ಕಿನೊಂದಿಗೆ ಬರುತ್ತಿರುವುದರಿಂದ ಸಾರ್ವಜನಿಕರು ದಾರಿತಪ್ಪುವ ಸಂಭವವಿದೆ. ಮೇಲಧಿಕಾರಿಗಳನ್ನು ಕಾಣಲು ಬಂದ ಒಬ್ಬರು ಸದರಿಯವರನ್ನೇ ನೀರು ತಂದುಕೊಡುವಂತೆ ಕೇಳಿದ್ದು, ಸದರಿಯವರು ತಂದೂ ಕೊಟ್ಟಿದ್ದಾರೆ. ಇನ್ನು ಮುಂದೆ ಗೋಂದಕ್ಕನವರು ಶ್ರೀಮಂತರೆಂದು ತೋರುವಂತೆ ದಿನಕ್ಕೆ ಒಮ್ಮೆಯಾದರೂ ಕಾರಣವಿಲ್ಲದೆ ಮುಗುಳ್ನಗತಕ್ಕದ್ದು. ಅದು ಸಾಧ್ಯವಾಗದಿದ್ದಲ್ಲಿ ಮಧ್ಯಾಹ್ನ ಹತ್ತು ನಿಮಿಷ ತಡವಾಗಿ ಊಟದಿಂದ ವಾಪಸಾಗತಕ್ಕದ್ದು.

5. ಷೇರು ಪೇಟೆ ಏಳುತ್ತ ಬೀಳುತ್ತ ಇರುವುದರಿಂದ ಸದರಿ ಕೋಟಿಯೂ ಒಂದು ದಿನ ಇದ್ದು ಇನ್ನೊಂದು ದಿನ ತೊಂಬತ್ತೊಂಬತ್ತು ಲಕ್ಷ ಚಿಲ್ಲರೆಗೆ ಇಳಿಯುವುದು ಗಮನಕ್ಕೆ ಬಂದಿದೆ. ಇಳಿದ ದಿನ ಕಲಂ 1ರ ಗೌರವ ಕೊಡಬೇಕೇ ಬೇಡವೇ ಎಂಬ ಬಗ್ಗೆ ಸಿಬ್ಬಂದಿಯಲ್ಲಿ ಗೊಂದಲವಿರುತ್ತದೆ. ಆದ್ದರಿಂದ ಪ್ರತಿದಿನ ಸೂಚನಾ ಫಲಕಕ್ಕೆ ಕೋಟಿ ಇದ್ದರೆ ಹಸಿರು ಬಟ್ಟೆ, ಇಲ್ಲದಿದ್ದರೆ ಕೆಂಪು ಬಟ್ಟೆ ಕಟ್ಟುವುದು. ಹಸಿರಿನ ದಿನ ಗೋಂದಕ್ಕನವರಿಗೆ ಮೆತ್ತೆಯ ಕುರ್ಚಿ, ಕೆಂಪಿನ ದಿನ ಹಳೆಯ ಕುಂಟು ಕುರ್ಚಿ. ಈ ಪದ್ಧತಿಯನ್ನು ಪ್ರಾಯೋಗಿಕವಾಗಿ ನಾಲ್ಕು ವಾರ ನಡೆಸಲಾಗಿದ್ದು, ಜವಾನರು ಮೆತ್ತೆಯ ಕುರ್ಚಿಯನ್ನು ಮೇಲಿನ ಮಹಡಿಯಿಂದ ಒಂಬತ್ತು ಸಲ ಇಳಿಸಿ ಎಂಟು ಸಲ ಹತ್ತಿಸಿದ್ದಾರೆ. ಒಂಬತ್ತನೆಯ ಸಲ ಗೋಂದಕ್ಕನವರು, 'ಅಣ್ಣಾ, ಸೊಂಟ ಹಿಡ್ಕೊಂಡೀತು, ಬಿಟ್ಬಿಡಿ. ನಾನು ಕೇಳಿದ್ದು ಕುರ್ಚಿ ಅಲ್ಲ' ಎಂದು ಹೇಳಿರುವುದಾಗಿ ಜವಾನರು ತಮ್ಮ ಸೊಂಟನೋವಿನ ರಜೆ ಅರ್ಜಿಯಲ್ಲಿ ಬರೆದಿದ್ದಾರೆ. ಕೇಳಿದ್ದು ಏನು ಎಂದು ಅರ್ಜಿಯಲ್ಲಿ ಬರೆದಿಲ್ಲ.

6. ಇಪ್ಪತ್ತೆಂಟು ವರ್ಷ ಗೋಂದಕ್ಕನವರು ಕೊಡದೇ ಉಳಿಸಿದ ಚಂದಾ ಹಣವೇ ಸದರಿ ಕೋಟಿಯ ಬೀಜವಾಗಿದ್ದು, ಬೆಳೆಯಲ್ಲಿ ತಮಗೂ ಪಾಲಿದೆ ಎಂದು ಚಹಾ ಸಂಘವು ಮನವಿ ಸಲ್ಲಿಸಿದೆ. ಸಮಿತಿಯು ಸಂಘದ ಸ್ವಂತ ಹೂಡಿಕೆಗಳನ್ನು ಪರಿಶೀಲಿಸಲಾಗಿ, ಇಷ್ಟು ವರ್ಷದ ಚಂದಾ ಪೂರ್ತಿಯಾಗಿ ಬಿಸ್ಕತ್ತಿನಲ್ಲಿ ತೊಡಗಿಸಿರುವುದು ಕಂಡುಬಂದಿದೆ. ಬಿಸ್ಕತ್ತು ಬೆಳೆಯುವುದಿಲ್ಲ. ಮನವಿಯನ್ನು ತಿರಸ್ಕರಿಸಲಾಗಿದೆ. ಕಾರ್ಯದರ್ಶಿಗಳು ಸಮಿತಿಯ ಸದಸ್ಯರೂ ಆಗಿರುವುದರಿಂದ ತಿರಸ್ಕಾರಕ್ಕೆ ಸಹಿ ಹಾಕುವಾಗ ಮುಖ ಊದಿಸಿಕೊಂಡಿದ್ದನ್ನು ಕ್ಷಮಿಸಲಾಗಿದೆ.

7. ತಾವೂ ಇದೇ ವಿಧಾನದಲ್ಲಿ ಕೋಟಿ ಮುಟ್ಟಬೇಕೆಂದು ಹತ್ತೊಂಬತ್ತು ಮಂದಿ ಅರ್ಜಿ ಹಾಕಿದ್ದಾರೆ. ಇವರಲ್ಲಿ ನಗದು ಗುಮಾಸ್ತರು ಮುಂದಿನ ಶುಕ್ರವಾರದೊಳಗೆ ಇಪ್ಪತ್ತೆಂಟು ವರ್ಷ ಪೂರೈಸಿಕೊಡುವಂತೆ ಕೋರಿದ್ದು, ಆ ದಿನ ಹಬ್ಬದ ಪ್ರಯುಕ್ತ ಅರ್ಧ ದಿನ ಮಾತ್ರ ಕೆಲಸವಿರುವುದರಿಂದ ಕೋರಿಕೆಯನ್ನು ಪುರಸ್ಕರಿಸಲಾಗಿಲ್ಲ. ಆರು ತಿಂಗಳಲ್ಲಿ ದುಪ್ಪಟ್ಟಾಗುತ್ತದೆಂದು ಇವರು ಈ ಹಿಂದೆ ಮೂರು ಸಲ ಹಾಕಿದ ಹಣ ಎಲ್ಲಿದೆ ಎಂಬುದನ್ನೂ ಅರ್ಜಿಯೊಂದಿಗೆ ತಿಳಿಸತಕ್ಕದ್ದು. ನಿವೃತ್ತಿಗೆ ಎರಡು ವರ್ಷ ಮಾತ್ರ ಉಳಿದವರಿಗೆ ನೀಡಬಹುದಾದ ಪರಿಹಾರದ ಬಗ್ಗೆ ಸಮಿತಿ ಚರ್ಚಿಸಿದ್ದು, ಸದಸ್ಯರೆಲ್ಲರಿಗೂ ಎರಡೇ ವರ್ಷ ಉಳಿದಿರುವುದರಿಂದ ಚರ್ಚೆ ಮುಂದುವರಿಯಲಿಲ್ಲ. ಕೆಳಸಹಿದಾರ ಹಾಗೂ ಗೋಂದಕ್ಕನವರು ಒಂದೇ ದಿನ ಸೇವೆಗೆ ಸೇರಿದವರು. ಅವರ ಸಂಬಳಕ್ಕಿಂತ ಕೆಳಸಹಿದಾರರ ಸಂಬಳ ಯಾವಾಗಲೂ ಜಾಸ್ತಿಯೇ ಇತ್ತು. ಸದ್ಯ ಕೆಳಸಹಿದಾರರ ಬಳಿ ಒಂದು ಕಾರು, ಆ ಕಾರಿನ ಸಾಲ ಹಾಗೂ ಮಂಡಿನೋವು ಇರುತ್ತವೆ.

8. (ಮೇಲಿನ ಏಳು ಕಲಂಗಳು ಅನುಮೋದನೆಗೆ ಹೋಗಿ ಬರುವಷ್ಟರಲ್ಲಿ ಈ ಕಲಮನ್ನು ಸೇರಿಸಬೇಕಾಗಿ ಬಂದಿದೆ.) ಕಳೆದ ಗುರುವಾರ ಗೋಂದಕ್ಕನವರು ಸಲ್ಲಿಸಿದ ಸ್ವಯಂ ನಿವೃತ್ತಿ ಪತ್ರದ ಪೂರ್ಣ ಪಾಠ ಹೀಗಿದೆ:

'ಸಾರ್, ನಾಳೆ ಮಧ್ಯಾಹ್ನದಿಂದ ಉಳಿದ ರಜೆ ಎಲ್ಲ ಹಾಕಿ ಹೋಗ್ತಾ ಇದ್ದೀನಿ. ರಜೆ ಮುಗಿದ ಮೇಲೆ ಬರಲ್ಲ. ಕೋಟಿ ಆಯ್ತು ಅಂತ ಜಂಬ ಅಲ್ಲ. ಕಿಟಕಿ ಹತ್ರ ಕೂತು ಟೀ ಕುಡೀಬೇಕು ಅಂತ ಬಹಳ ದಿನದಿಂದ ಆಸೆ. ಇಲ್ಲಿ ಹದಿನಾಲ್ಕು ಸಲ ಕೇಳ್ದೆ. ಈಗ ಎರಡು ಕಿಟಕಿ ಇರೋ ಒಂದು ಮನೆ ತಗೊಂಡಿದ್ದೀನಿ. ಡ್ರಾಯರ್ ಬೀಗದ ಕೈನ ನಿಮ್ಮ ಹೆಸರಿಗೆ ಲಕೋಟೆ ಮಾಡಿ ಹೊರಹೋಗೋ ಪತ್ರದ ಟ್ರೇಯಲ್ಲಿ ಇಟ್ಟಿದ್ದೀನಿ. ಮಂಡಿಗೆ ಬಿಸಿನೀರು ಹಾಕ್ಕೊಳ್ಳಿ.'

ಗೋಂದಕ್ಕನವರು ಹೋದರೆ ಈ ಕಚೇರಿಯಿಂದ ಒಂದು ಕಾಗದವೂ ಹೊರಗೆ ಹೋಗುವುದಿಲ್ಲ ಎಂಬುದು ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಎಲ್ಲರಿಗೂ ಒಮ್ಮೆಗೇ ಹೊಳೆದಿದೆ. ಕೂಡಲೇ ತುರ್ತು ಕ್ರಮ ಜರುಗಿಸಲಾಯಿತು. ಕಿಟಕಿಯ ಪಕ್ಕದ ಜಾಗದಲ್ಲಿ ಹನ್ನೊಂದು ವರ್ಷದಿಂದ ಕೆಟ್ಟುನಿಂತ ನಕಲು ಯಂತ್ರವಿದ್ದು, ವಿಲೇವಾರಿಯ ಆದೇಶ ಬಾರದ ಹೊರತು ಅಲುಗಾಡಿಸುವಂತಿಲ್ಲ ಎಂಬುದೇ ಹದಿನಾಲ್ಕೂ ಅರ್ಜಿಗಳಿಗೆ ಅಡ್ಡಿಯಾಗಿತ್ತು. ಅದಕ್ಕೂ ಹಿಂದೆ ಅಲ್ಲಿ ಹೊಸ ನಕಲು ಯಂತ್ರವಿತ್ತು. ಶುಕ್ರವಾರ ಜವಾನರು, ಚಾಲಕರು, ನಗದು ಗುಮಾಸ್ತರು ಹಾಗೂ ಕೆಳಸಹಿದಾರರು ಸೇರಿ ಸದರಿ ಯಂತ್ರವನ್ನು ತಳ್ಳಲಾಗಿ ಆರು ನಿಮಿಷದಲ್ಲಿ ಜಾಗ ಖಾಲಿಯಾಯಿತು. 'ಇಷ್ಟೇನಾ ಸಾರ್? ಇದಕ್ಕೆ ಚಕ್ರ ಇದೆ' ಎಂದು ಚಾಲಕರು ಹೇಳಿರುವುದನ್ನು ಕಡತದಲ್ಲಿ ದಾಖಲಿಸಬಾರದೆಂದು ಮೊದಲು ತೀರ್ಮಾನಿಸಲಾಗಿತ್ತು.

ಗೋಂದಕ್ಕನವರ ಮೇಜನ್ನು ಅಲ್ಲಿ ಹಾಕಲಾಗಿದೆ. ಹಸಿರು ಬಟ್ಟೆ ಕಟ್ಟಲಾಗಿದೆ. ಮೆತ್ತೆಯ ಕುರ್ಚಿಯನ್ನು ಕಾಯಂ ಆಗಿ ಕೆಳಗೇ ಉಳಿಸಲಾಗಿದೆ. ಸ್ಥಳ ಪರಿಶೀಲನೆಗಾಗಿ ಕೆಳಸಹಿದಾರರು ಅದರಲ್ಲಿ ಸ್ವಲ್ಪ ಹೊತ್ತು ಕೂತಿದ್ದಾರೆ. ಗಾಳಿ ಬರುತ್ತದೆ. ಎದುರಿಗೆ ಸೈಕಲ್ ರಿಪೇರಿ ಅಂಗಡಿ, ಒಂದು ಮರ ಹಾಗೂ ಮರದ ಕೆಳಗೆ ಮಲಗಿದ ನಾಯಿ ಕಾಣುತ್ತವೆ. ಇಷ್ಟನ್ನು ಕೊಡಲು ನಮಗೆ ಏನು ಕಷ್ಟವಿತ್ತು ಎಂಬುದಕ್ಕೆ ಹದಿನಾಲ್ಕು ಅರ್ಜಿಗಳಲ್ಲಿ ಎಲ್ಲಿಯೂ ಉತ್ತರ ಸಿಗಲಿಲ್ಲ. ಎಲ್ಲದರ ಮೇಲೂ 'ನೋಡೋಣ' ಎಂದು ಬರೆದಿರುವುದು ಕೆಳಸಹಿದಾರರದೇ ಕೈಬರಹ. ಕೆಳಸಹಿದಾರರಿಗೆ ನಾಚಿಕೆಯಾಗಿದೆ ಎಂದು ಈ ಮೂಲಕ ದಾಖಲಿಸಲಾಗಿದೆ.

ಆದ್ದರಿಂದ ಗೋಂದಕ್ಕನವರು ತಮ್ಮ ನಿವೃತ್ತಿಯನ್ನು ಹಿಂಪಡೆದು, ಸದರಿ ಕಿಟಕಿಯನ್ನು ಬಂದು ಸ್ವೀಕರಿಸುವಂತೆ ಕೋರಲಾಗಿದೆ. ಲಕೋಟೆ ಅಂಟಿಸುವುದು ಕಡ್ಡಾಯವಲ್ಲ. ಟೀ ಕುಡಿದು ಹೋದರೂ ನಡೆಯುತ್ತದೆ.

(ಸಹಿ)
ಅಧೀಕ್ಷಕರು
(ಮೊಹರು: ಡ್ರಾಯರಿನಲ್ಲಿದೆ)

ಪ್ರತಿಗಳು:
1. ಮೇಲಧಿಕಾರಿಗಳಿಗೆ, ದಯವಿಟ್ಟು ಓದಿ ಸಹಿ ಮಾಡಲು.
2. ನಗದು ಗುಮಾಸ್ತರಿಗೆ, ಮೂರು ಅಡಿ ದೂರದಿಂದ.
3. ಚಹಾ ಸಂಘದ ಕಾರ್ಯದರ್ಶಿಗಳಿಗೆ, ಫ್ಲಾಸ್ಕ್ ಖರೀದಿಯ ಸಾಧ್ಯತೆ ಪರಿಶೀಲಿಸಲು.
4. ಪೊರಕೆ ಸರಬರಾಜುದಾರರಿಗೆ, ಹನ್ನೆರಡು ಪೊರಕೆ ಸಾಕು ಎಂಬ ಮಾಹಿತಿಗಾಗಿ. ಮೊದಲ ಲಾರಿಯನ್ನು ವಾಪಸ್ ಕರೆಸಿಕೊಳ್ಳುವುದು.
5. ನಕಲು ಯಂತ್ರಕ್ಕೆ, ಹೊಸ ಸ್ಥಳ: ಶೌಚಾಲಯದ ಬಾಗಿಲ ಪಕ್ಕ.
6. ರವಾನೆ ಶಾಖೆಗೆ, ಮೇಲಿನ ಎಲ್ಲ ಪ್ರತಿಗಳನ್ನು ರವಾನಿಸಲು. ಶಾಖೆಯಲ್ಲಿ ಯಾರೂ ಇಲ್ಲದಿರುವುದರಿಂದ ಸಂಬಂಧಪಟ್ಟವರು ತಾವೇ ಬಂದು ಒಯ್ಯುವುದು. ಬೀಗದ ಕೈ ಇರುವ ಲಕೋಟೆಯು ಇನ್ನೂ ರವಾನೆಯಾಗದ ಕಾರಣ ಕೆಳಸಹಿದಾರರಿಗೆ ತಲುಪಿಲ್ಲ. ಅದು ಕೆಳಸಹಿದಾರರ ಎದುರಿಗೇ ಟ್ರೇಯಲ್ಲಿದೆ.
7. ಗೋಂದಕ್ಕನವರಿಗೆ, ಖುದ್ದು ಗಮನಕ್ಕೆ. ಸೇವಾ ಪುಸ್ತಕದಲ್ಲಿರುವುದು ಹಳೆಯ ಬಾಡಿಗೆ ಮನೆಯ ವಿಳಾಸ. ಇಪ್ಪತ್ತೆಂಟು ವರ್ಷದಲ್ಲಿ ಈ ಕಚೇರಿಯು ಅವರಿಗೆ ಒಂದು ಪತ್ರವನ್ನೂ ಬರೆಯದಿರುವುದರಿಂದ ಬೇರೆ ವಿಳಾಸ ಕೇಳಿಟ್ಟುಕೊಂಡಿಲ್ಲ. ಎರಡು ಕಿಟಕಿ ಇರುವ ಮನೆ ಎಲ್ಲಿದೆ ಎಂದು ಯಾರಿಗಾದರೂ ಗೊತ್ತಿದ್ದಲ್ಲಿ ಅಧೀಕ್ಷಕರಿಗೆ ತಿಳಿಸತಕ್ಕದ್ದು.