ನೂರ ಹದಿಮೂರನೇ ಪುಟ

ಪುಸ್ತಕ ಕಟ್ಟುವವರಿಗೆ ಒಂದು ವಿದ್ಯೆ ತಾನಾಗಿ ಒಲಿಯುತ್ತದೆ. ಓದಿದ ಪುಸ್ತಕವನ್ನು ಬೆನ್ನ ಮೇಲೆ ನಿಲ್ಲಿಸಿ ಕೈಬಿಟ್ಟರೆ, ಓದಿದವರು ಎಲ್ಲಿ ಹೆಚ್ಚು ಹೊತ್ತು ತಂಗಿದ್ದರೋ ಅಲ್ಲಿಗೇ ಬಿಚ್ಚಿಕೊಳ್ಳುತ್ತದೆ. ನಮ್ಮ ಬೈಂಡರ್ ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಪುಸ್ತಕ ಹೊಲಿದಿದ್ದ. ಓದಿದ್ದು ಮಾತ್ರ ಒಂದೂ ಇಲ್ಲ.

ಆ ಬೆಳಿಗ್ಗೆ ಹದಿನಾರರ ಮಗಳು ಶಾಲೆಗೆ ಹೋದ ಮೇಲೆ, ಅವಳ ಮೇಜಿನ ಮೇಲಿದ್ದ ಕಾದಂಬರಿಯನ್ನು ಅಭ್ಯಾಸಬಲದಿಂದ ನಿಲ್ಲಿಸಿ ಕೈಬಿಟ್ಟ. ನೂರ ಹದಿಮೂರನೇ ಪುಟ ಬಿಚ್ಚಿಕೊಂಡಿತು. ಇನ್ನೊಮ್ಮೆ ಬಿಟ್ಟ. ಮತ್ತೆ ಅದೇ ಪುಟ. ಓದಿ ನೋಡಿದ.

“ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳನ್ನು ‘ನಿನಗೇನು ಬೇಕು’ ಎಂದು ಕೇಳಿರಲಿಲ್ಲ. ಅವಳು ಒಂದೇ ಒಂದು ಚೀಲ ಹಿಡಿದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಟಳು.”

ಇನ್ನೊಮ್ಮೆ ಓದಿದ. ಇರುವವಳು ಒಬ್ಬಳೇ ಮಗಳು. ಇತ್ತೀಚೆಗೆ ಊಟಕ್ಕೆ ಕೂತರೂ ಎರಡು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಹೀಗೆ ಸದ್ದಿಲ್ಲದೆ ಹೊರಟೇ ಹೋದರೆ ಏನು ಗತಿ?

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. “ನಿನ್ನ ಮಗಳು ಎಂಥ ಕತೆ ಓದ್ತಾಳೆ ಗೊತ್ತಾ?” ಎಂದ.

“ಕತೆ ತಾನೇ. ಓದ್ಕೊಳ್ಲಿ ಬಿಡಿ.”

“ನಾವಿಬ್ರೂ ಕೂತು ಒಂದು ತೀರ್ಮಾನಕ್ಕೆ ಬರ್ಬೇಕು. ಕಿತ್ಕೊಳ್ಳೋದಾ, ಬುದ್ಧಿ ಹೇಳೋದಾ?”

“ಕಿತ್ಕೋಬೇಡಿ,” ಎಂದಳು ಅವಳು, ಸ್ವಲ್ಪ ಬೇಗನೆ. “ಇದ್ದಲ್ಲೇ ಇಡಿ ಅದನ್ನ.”

ಇವಳಿಗೆ ವಿಷಯದ ತೂಕ ತಿಳಿಯದು ಎಂದುಕೊಂಡ ಬೈಂಡರ್, ಪುಸ್ತಕವನ್ನು ಚೀಲಕ್ಕಿಳಿಸಿ ಕೆಲಸಕ್ಕೆ ಹೊರಟ.

ಬೈಂಡಿಂಗ್ ಶೆಡ್ಡಿನಲ್ಲಿ ಅಂಟು ಬಳಿಯುವ ಹೆಂಗಸನ್ನು ಎಲ್ಲರೂ ಅಂಟಕ್ಕ ಅನ್ನುತ್ತಿದ್ದರು. ಅವಳಿಗೂ ಕಾಗದ ಕತ್ತರಿಸುವವನಿಗೂ ಅವನು ವಿಷಯವನ್ನು ಗುಟ್ಟಾಗಿ ಹೇಳಿದ. ಇಬ್ಬರಲ್ಲಿ ಗುಟ್ಟು, ಮೂವರಲ್ಲಿ ರಟ್ಟು. ಹತ್ತು ನಿಮಿಷದಲ್ಲಿ ಇಡೀ ಶೆಡ್ಡಿಗೆ ತಿಳಿಯಿತು.

“ಇದಕ್ಕೆ ಯೋಚನೆ ಯಾಕೆ?” ಎಂದ ಕತ್ತರಿಸುವವನು. “ಆ ಹಾಳೆ ತೆಗೆದ್ಬಿಡು. ನೀನು ತೆಗೆದ್ರೆ ದೇವರಿಗೂ ಗೊತ್ತಾಗಲ್ಲ.”

ಬೈಂಡರ್ ಬ್ಲೇಡು ಹಾಕಿದ. ಹೊಲಿದ ಪುಸ್ತಕದ ಹಾಳೆಗಳು ಗಂಡಹೆಂಡಿರ ಹಾಗೆ, ಒಂದನ್ನು ಎಳೆದರೆ ಅದರ ಜೋಡಿಯೂ ಸಡಿಲವಾಗುತ್ತದೆ. ಗಾಬರಿಯಲ್ಲಿ ದಾರವೂ ತುಂಡಾಗಿ ಎಂಟು ಹಾಳೆ ನೆಲಕ್ಕೆ ಬಿದ್ದವು. ಹೆಕ್ಕಿದವರು ಹೆಕ್ಕಿದ ಜಾಗದಲ್ಲೇ ನಿಂತು ಓದತೊಡಗಿದರು. ಅವಳು ಹೋಗಿದ್ದು ಸರಿ ಎಂದು ನಾಲ್ವರು, ತಪ್ಪು ಎಂದು ಮೂವರು. ಕತ್ತರಿಸುವವನು ಹಾಳೆಯ ಮೇಲೆ ಕಣ್ಣಿಟ್ಟು ಯಂತ್ರದ ಮೇಲೆ ಕೈಯಿಟ್ಟ, ಐವತ್ತು ನೋಟ್‌ಬುಕ್ಕು ಅರ್ಧಕ್ಕರ್ಧ ತುಂಡಾದವು.

ಮಾಲೀಕ ಬಂದು ನೋಡಿದ. “ಇದು ಪುಸ್ತಕ ಕಟ್ಟೋ ಜಾಗ. ಓದೋ ಜಾಗ ಅಲ್ಲ,” ಎಂದ. ನೋಟ್‌ಬುಕ್ಕುಗಳ ತಪ್ಪು ಬೈಂಡರನ ತಲೆಗೇ ಬಂತು.

ಎಲ್ಲರೂ ಚದುರಿದ ಮೇಲೆ ಅಂಟಕ್ಕ ಹಾಳೆಗಳನ್ನು ಜೋಡಿಸಿಕೊಟ್ಟಳು. “ಹಾಳೆ ತೆಗೆದ್ರೆ ಮನಸ್ಸಲ್ಲಿರೋದು ಹೋಗುತ್ತಾ? ಆ ಕತೆಯಲ್ಲಿ ಯಾರೂ ಕೇಳದೇ ಇದ್ದ ಮಾತನ್ನ ನೀನು ಮನೆಗೆ ಹೋಗಿ ಕೇಳು. ಅಷ್ಟೇ.”

ಬೈಂಡರನಿಗೆ ಕಣ್ಣು ತುಂಬಿಬಂತು. ಮಗಳು ಹುಟ್ಟಿದಾಗಿನಿಂದ ಇದು ಬೇಡ, ಅದು ಬೇಡ ಎಂದಿದ್ದನೇ ಹೊರತು ಬೇಕಾದ್ದನ್ನು ಕೇಳಿರಲಿಲ್ಲ. ಇನ್ನೆಂದೂ ಆ ಪುಟ ತಾನಾಗಿ ಬಿಚ್ಚಿಕೊಳ್ಳದಂತೆ, ಎರಡೆಳೆ ದಾರದಲ್ಲಿ ಪುಸ್ತಕವನ್ನು ಬಿಗಿಯಾಗಿ ಹೊಲಿದ. ದಾರಿಯುದ್ದಕ್ಕೂ ಆ ಒಂದೇ ಪ್ರಶ್ನೆಯನ್ನು ಉರುಹೊಡೆಯುತ್ತ ಮನೆಗೆ ನಡೆದ.

ಮಗಳು ಮೇಜಿನ ಮುಂದೆ ಕೂತಿದ್ದಳು.

“ಮಗಳೇ, ನಿನಗೇನು ಬೇಕು?”

ಅವಳು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. “ನನ್ನ ಪುಸ್ತಕ. ಬಂದಾಗ್ಲಿಂದ ಹುಡುಕ್ತಿದೀನಿ.”

ಅವನು ಪುಸ್ತಕವನ್ನು ಮೇಜಿನ ಮೇಲಿಟ್ಟ. “ನೂರ ಹದಿಮೂರನೇ ಪುಟ ನೋಡ್ದೆ ಕಣಮ್ಮ. ಮನೆ ಬಿಟ್ಟು ಹೋಗೋ ಯೋಚನೆ ಇದ್ರೆ ಹೇಳ್ಬಿಡು. ನಾನು ಬೈಯಲ್ಲ.”

“ನಾನಿನ್ನೂ ಮೂವತ್ತನೇ ಪುಟದಲ್ಲಿದೀನಿ ಅಪ್ಪ, ಮುಂದಿನ ಕತೆ ಹೇಳ್ಬೇಡ. ಅಮ್ಮ ಬಿಟ್ಟುಕೊಟ್ರೆ ತಾನೇ ನಾನು ಓದೋದು? ಹದಿನೈದು ದಿನದಿಂದ ನಾನು ಶಾಲೆಯಿಂದ ಬಂದಾಗೆಲ್ಲ ಅದೇ ಪುಟ ಬಿಚ್ಕೊಂಡು ಕೂತಿರ್ತಾಳೆ. ಮುಂದಕ್ಕೆ ಹೋಗೋದೇ ಇಲ್ಲ.”

ಅಷ್ಟರಲ್ಲಿ ಹೆಂಡತಿ ಕೈಯೊರೆಸಿಕೊಳ್ಳುತ್ತ ಬಂದಳು. ಪುಸ್ತಕ ನೋಡಿ ಅವಳ ಮುಖ ಸಡಿಲವಾಯಿತು. ಎತ್ತಿಕೊಂಡು ಕಿಟಕಿಯ ಪಕ್ಕ ಕೂತು ಬಿಡಿಸಲು ನೋಡಿದಳು, ಬಿಗಿ ಹೊಲಿಗೆ ಜಗ್ಗಲಿಲ್ಲ. ಎರಡೂ ಅಂಗೈ ಊರಿ ಅದುಮಿ, ಸಂಖ್ಯೆ ಹುಡುಕದೆ ತನ್ನ ಪುಟ ತಲುಪಿದಳು.

ಬೈಂಡರ್ ಅವಳ ಮುಂದೆ ಹೋಗಿ ನಿಂತ. ದಾರಿಯೆಲ್ಲ ಉರುಹೊಡೆದ ಮಾತೇ ಆದರೂ ನಾಲಿಗೆ ತೊದಲಿತು.

“ನಿನಗೆ... ನಿನಗೇನು ಬೇಕು?”

ಅವಳು ತಲೆಯೆತ್ತಿ, ಯಾರೋ ಹೊಸಬರನ್ನು ನೋಡುವ ಹಾಗೆ ಅವನನ್ನು ನೋಡಿದಳು.

“ಯೋಚನೆ ಮಾಡಿ ಹೇಳ್ತೀನಿ,” ಎಂದಳು. “ಪುಸ್ತಕ ಮುಗೀಲಿ.”

ಹದಿನೈದು ದಿನದಲ್ಲಿ ಮೊದಲ ಸಲ, ಹಾಳೆ ಮಗುಚಿದಳು.