ಕಣ್ಣೆದುರು ಕೆಡದ ಲ್ಯಾಪ್‌ಟಾಪ್

ಬೆಳಿಗ್ಗೆ ಏಳೂವರೆಗೆ ಗುಮಾಸ್ತ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಒಳಗಿನ ಫ್ಯಾನು ಗುರ್ರೆಂದಿತು, ಗುಂಡಿಯ ದೀಪ ಹತ್ತಿತು, ಪರದೆ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪಗೆ ಕೂತಿತು. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ನಮ್ಮ ಗುಮಾಸ್ತ ಅಡುಗೆಮನೆಗೆ ಓಡಿ, "ಕೆಟ್ಟಿದೆ ಕಣೇ, ನಿಜವಾಗ್ಲೂ ಕೆಟ್ಟಿದೆ" ಎಂದು ಹೆಂಡತಿಗೆ ಶುಭ ಸಮಾಚಾರ ತಿಳಿಸಿದ. ಆಕೆ ಗಂಡನ ತಲೆಗೂ ಅದೇ ಆಗಿದೆಯೇನೋ ಎಂಬಂತೆ ನೋಡಿ, ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು.

ಅವನ ಸಂತೋಷಕ್ಕೆ ಕಾರಣವಿತ್ತು. ಅವನಿದ್ದದ್ದು ನಲ್ಲಿ ತಯಾರಿಸುವ ಕಂಪನಿಯಲ್ಲಿ. ಯಾವ ನಲ್ಲಿ ಎಷ್ಟು ಸೋರುತ್ತದೆ ಎಂಬ ದೂರುಗಳನ್ನೆಲ್ಲ ಕೂಡಿಹಾಕಿ, ಗ್ರಾಫು ಬರೆದು, ತಿಂಗಳಿಗೊಮ್ಮೆ ಮೀಟಿಂಗಿನಲ್ಲಿ ತೋರಿಸುವುದು ಅವನ ಕೆಲಸ. ಲ್ಯಾಪ್‌ಟಾಪು ಮನಸ್ಸು ಬಂದರೆ ಬೆಳಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಹಿಂದಿನ ಎರಡು ಮೀಟಿಂಗಿನಲ್ಲೂ ಅದಕ್ಕೆ ಮನಸ್ಸು ಬರಲಿಲ್ಲ. ಎಂಟು ಜನರೆದುರು ಪಾಪ ಇವನು ಗಾಳಿಯಲ್ಲಿ ಬೆರಳಾಡಿಸಿ, "ಇಲ್ಲೊಂದು ಗೆರೆ ಮೇಲಕ್ಕೆ ಹೋಗುತ್ತೆ ಸಾರ್, ಇಲ್ಲಿ ಬಂದು ಬೀಳುತ್ತೆ" ಎಂದು ಗ್ರಾಫನ್ನು ಅಭಿನಯಿಸಬೇಕಾಯಿತು. ಮೂರನೇ ಸಲವೂ ಹೀಗಾದರೆ ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕುತ್ತೇನೆ ಎಂದು ಮ್ಯಾನೇಜರು ಎಲ್ಲರೆದುರೇ ಹೇಳಿಬಿಟ್ಟರು. ಆ ಕೋಣೆಗೆ ಇಳಿದವರು ನಿವೃತ್ತಿಯ ದಿನವೇ ಮೇಲೆ ಬಂದದ್ದು. ಮೂರನೇ ಮೀಟಿಂಗು ಇವತ್ತು ಮಧ್ಯಾಹ್ನ ಮೂರು ಗಂಟೆಗೆ.

ಬಚಾವಾಗುವ ದಾರಿ ಒಂದೇ. ಸ್ಟೋರ್‌ಕೀಪರರ ಬೀರುವಿನಲ್ಲಿ ಹೊಸ ಲ್ಯಾಪ್‌ಟಾಪೊಂದು ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಕೂತಿತ್ತು. ಆದರೆ ಆ ಮಹಾನುಭಾವರದ್ದೊಂದು ನಿಯಮ: ಕೆಟ್ಟ ಸಾಮಾನಿಗೆ ಬದಲಿ ಬೇಕಿದ್ದರೆ ಅದು ಅವರ ಕಣ್ಣೆದುರೇ ಮೂರು ಸಲ ಕೆಡಬೇಕು. ಅದಕ್ಕೇ ಆಫೀಸಿನವರೆಲ್ಲ ಬೆನ್ನ ಹಿಂದೆ ಅವರನ್ನು 'ಕಣ್ಣೆದುರು' ಎಂದೇ ಕರೆಯುತ್ತಿದ್ದರು. ಗುಮಾಸ್ತ ನಾಲ್ಕು ಸಲ ಲ್ಯಾಪ್‌ಟಾಪು ಹೊತ್ತುಕೊಂಡು ಹೋಗಿದ್ದ. ಹೆಡ್‌ಮಾಸ್ತರರ ಎದುರು ನಿಂತ ತುಂಟ ಹುಡುಗನ ಹಾಗೆ ಅದು ನಾಲ್ಕು ಸಲವೂ ಸಭ್ಯವಾಗಿ ಬೆಳಗಿ, ಇವನನ್ನು ಸುಳ್ಳುಗಾರನನ್ನಾಗಿ ಮಾಡಿತ್ತು.

ಹಾಗಾಗಿ ಇವತ್ತು ಅವನು ಅದನ್ನು ಆರಿಸಲೂ ಇಲ್ಲ, ಮುಚ್ಚಲೂ ಇಲ್ಲ. ಕಪ್ಪು ಪರದೆ ಕಪ್ಪಾಗಿಯೇ ಆಫೀಸು ಸೇರಲಿ ಎಂದು, ಬಾಯಿ ತೆರೆದ ಲ್ಯಾಪ್‌ಟಾಪನ್ನು ಎರಡೂ ಅಂಗೈ ಮೇಲಿಟ್ಟುಕೊಂಡು ಬೀದಿಗಿಳಿದ.

ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ಗೇಟಿನಲ್ಲೇ ನಿಂತಿದ್ದರು. ಜಗತ್ತಿನಲ್ಲಿ ಏನೇ ಕೆಟ್ಟರೂ ಅದು ಸ್ಟಾರ್ಟಿಂಗ್ ಟ್ರಬಲ್ಲೇ ಎಂಬುದು ಅವರ ಸಿದ್ಧಾಂತ. ಬೇಡ ಮಾಮ, ಮುಟ್ಟಬೇಡಿ, ಕೆಟ್ಟಿರಲಿ ಬಿಡಿ ಎಂದು ಇವನು ಗೋಗರೆಯುತ್ತಿದ್ದಂತೆಯೇ ಅವರು ಲ್ಯಾಪ್‌ಟಾಪು ಕಿತ್ತುಕೊಂಡು, ಅರ್ಧ ಮಡಚಿ ಹೊಟ್ಟೆಗೊತ್ತಿ ಹಿಡಿದು, ಗುಂಡಿ ಅದುಮಿ ಮೂವತ್ತರವರೆಗೆ ಎಣಿಸಿದರು. ಬಿಟ್ಟು ಮತ್ತೆ ಒತ್ತಿದರು. ಪರದೆ ಝಗ್ ಎಂದು ಬೆಳಗಿತು.

"ನೋಡ್ದ್ಯಾ? ಇಂಜಿನ್ ಯಾವ್ದಾದ್ರೇನು," ಎಂದರು ಡ್ರೈವರು ಮಾಮ. ಗುಮಾಸ್ತನಿಗೆ ಅಳುವೇ ಬಂತು. ಅದನ್ನು ಆನಂದಬಾಷ್ಪ ಎಂದುಕೊಂಡು ಅವರು ಬೆನ್ನು ತಟ್ಟಿ ಕಳಿಸಿದರು.

ಆಫೀಸಿನಲ್ಲಿ ಅವನು ಹತ್ತು ಸಲ ಆರಿಸಿ ಹತ್ತು ಸಲ ಹೊತ್ತಿಸಿದ. ಹತ್ತೂ ಸಲ ದರಿದ್ರದ್ದು ನಗುನಗುತ್ತಾ ಬೆಳಗಿತು. ಅಷ್ಟರಲ್ಲಿ ರಿಸೆಪ್ಷನ್ ಮೇಡಂ ಬಂದರು. ಸೋರುವ ನಲ್ಲಿಯ ದೂರಿಗೆ ಫೋನೆತ್ತುವವರು ಅವರೇ. ಹೊತ್ತಿಗೆ ಸರಿಯಾಗಿ ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸುವವರೂ ಅವರೇ. ಇವನ ಕಷ್ಟ ಕೇಳಿ, ಥಂಡಿ ಹಿಡಿದರೆ ಕೆಡುತ್ತದೆ ಎಂದು ಲ್ಯಾಪ್‌ಟಾಪನ್ನು ಏಸಿಯ ಬಾಯಿಗೆ ಹಿಡಿಸಿದರು. ಅದಕ್ಕೆ ಥಂಡಿ ಹಿಡಿಯಲಿಲ್ಲ, ಹಿಡಿದುಕೊಂಡು ನಿಂತ ಗುಮಾಸ್ತ ಸೀನತೊಡಗಿದ. ಆಮೇಲೆ ತಳದ ಸ್ಕ್ರೂ ಬಿಚ್ಚಿಸಿ, ಒಳಗಿದ್ದ ಬೆರಳುದ್ದದ ಮೆಮೊರಿ ಪಟ್ಟಿಯನ್ನು ಹೊರಗೆ ತೆಗೆಸಿ, ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಅದು ಮೊದಲಿಗಿಂತ ಬೇಗ ಬೆಳಗಿತು.

ಒಂದೂವರೆಯಾಯಿತು. ಹಸಿವು, ಸೀನು, ಸಿಟ್ಟು ಎಲ್ಲ ಸೇರಿ ಗುಮಾಸ್ತ, "ಹಾಳಾಗ್ಹೋಗು" ಎಂದು ಪರದೆಯನ್ನು ಹಿಂದಕ್ಕೆ ತಳ್ಳಿದ. ಅದು ಮೇಜಿನ ಮೇಲೆ ಅಂಗಾತ ಬಿತ್ತು. ಬಿದ್ದದ್ದೇ ಕಪ್ಪಾಯಿತು.

ಅವನು ಪರದೆಯನ್ನು ನಿಧಾನವಾಗಿ ಮೇಲೆತ್ತಿದ. ಬೆಳಗಿತು. ಮಲಗಿಸಿದ, ಆರಿತು. ಪರದೆ ಪೂರ್ತಿ ಹಿಂದಕ್ಕೆ ವಾಲಿದಾಗಲೆಲ್ಲ ಆರುತ್ತದೆ, ಡ್ರೈವರು ಮಾಮ ಅರ್ಧ ಮಡಚಿ ಹಿಡಿದದ್ದಕ್ಕೇ ಬೆಳಿಗ್ಗೆ ಬೆಳಗಿದ್ದು ಎಂಬುದು ಈಗ ಹೊಳೆಯಿತು. ಎರಡು ತಿಂಗಳ ಗುಟ್ಟು ಎರಡು ನಿಮಿಷದಲ್ಲಿ ಬಯಲಾಗಿತ್ತು.

ಎರಡೂವರೆಗೆ ಅವನು ಎದೆ ಸೆಟೆದು ಸ್ಟೋರಿಗೆ ನುಗ್ಗಿದ. ಸ್ಟೋರ್‌ಕೀಪರರ ಮೂಗಿನ ಕೆಳಗೇ ಲ್ಯಾಪ್‌ಟಾಪಿಟ್ಟು, ಪರದೆ ಮಲಗಿಸಿ ಗುಂಡಿ ಒತ್ತಿದ. ಕಪ್ಪು. ಎತ್ತಿದ, ಬೆಳಕು. ಒಂದು, ಎರಡು, ಮೂರು ಸಲ ಎಂದು ಬೆರಳೆಣಿಸಿ ತೋರಿಸಿದ. ಕೇಳಿದ್ದರೆ ಮೂವತ್ತು ಸಲವೂ ತೋರಿಸುತ್ತಿದ್ದ, ಅಷ್ಟು ಹುಮ್ಮಸ್ಸು.

ಸ್ಟೋರ್‌ಕೀಪರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನೀವು ಆರು ಅಂದ್ರೆ ಆರುತ್ತೆ, ಬೆಳಗು ಅಂದ್ರೆ ಬೆಳಗುತ್ತೆ. ನಮ್ಮನೇಲಿ ನನ್ನ ಮಾತನ್ನ ಯಾರೂ ಇಷ್ಟು ಕೇಳಲ್ಲ. ಇದನ್ನ ಕೆಟ್ಟಿದೆ ಅಂತ ಹೇಗ್ರೀ ಬರೀಲಿ?"

ಗುಮಾಸ್ತನಿಗೆ ಮೈಯೆಲ್ಲ ಉರಿಯಿತು. ಮಡಚುವ ಜಾಗದಲ್ಲಿ ವೈರು ಸವೆದಿದೆ ಎಂದು ವಿವರಿಸಿದ. ಮೆಮೊರಿ ಪಟ್ಟಿಯ ತಪ್ಪಲ್ಲ, ಥಂಡಿಯ ತಪ್ಪಲ್ಲ, ಗುಂಡಿ ಮೂವತ್ತು ಎಣಿಸುವ ತನಕ ಒತ್ತಿದರೂ ಪ್ರಯೋಜನವಿಲ್ಲ ಎಂದು ಒಂದೊಂದನ್ನೂ ಬಿಡಿಸಿ ಹೇಳಿದ. ಇಂಥ ರೋಗವನ್ನು ಎಲ್ಲಿ ಕಂಡರೂ ಗುರುತಿಸಬಲ್ಲೆ ಎಂದೂ, ಬಾಯಿಗೆ ಬೀಗ ಹಾಕಿಕೊಳ್ಳುವುದು ಬಿಟ್ಟು, ಹೇಳಿಬಿಟ್ಟ. ಅವನು ಹೇಳಿದಷ್ಟೂ ಸ್ಟೋರ್‌ಕೀಪರರ ಮುಖ ಅರಳುತ್ತಾ ಹೋಯಿತು. ಅವರು ಫೋನೆತ್ತಿ ಮ್ಯಾನೇಜರನ್ನು ಕರೆದರು.

ಮ್ಯಾನೇಜರು ಬಂದು, ಆರುವುದನ್ನೂ ಬೆಳಗುವುದನ್ನೂ ನೋಡಿ ಚಪ್ಪಾಳೆ ತಟ್ಟಿದರು. ಎರಡು ತಿಂಗಳಲ್ಲಿ ಮೊದಲ ಸಲ ಗುಮಾಸ್ತನ ಹೆಗಲ ಮೇಲೆ ಕೈಯಿಟ್ಟರು.

"ಇಂಥವೇ ಹದಿನೇಳು ಲ್ಯಾಪ್‌ಟಾಪ್ ಕೆಳಗೆ ದಾಖಲೆ ಕೋಣೇಲಿ ಬಿದ್ದಿವೆ ಕಣ್ರೀ. ಕಂಪನೀಲಿ ಒಬ್ಬನಿಗೂ ಏನಾಗಿದೆ ಅಂತ ಗೊತ್ತಾಗ್ಲಿಲ್ಲ. ಇವತ್ತಿಂದ ಅವೆಲ್ಲ ನಿಮ್ಮ ಜವಾಬ್ದಾರಿ. ಅಲ್ಲೇ ಟೇಬಲ್ ಹಾಕಿಸ್ತೀನಿ."

ಮೂರು ಗಂಟೆಗೆ ಮೀಟಿಂಗಿದೆ, ಗ್ರಾಫು ತೋರಿಸಬೇಕು ಎಂದು ಗುಮಾಸ್ತ ತೊದಲಿದ. ಅದನ್ನು ರಿಸೆಪ್ಷನ್ ಮೇಡಂ ನೋಡಿಕೊಳ್ಳುತ್ತಾರೆ, ದೂರು ಕೇಳಿಸಿಕೊಳ್ಳುವವರು ಹೇಗಿದ್ದರೂ ಅವರೇ ತಾನೆ ಎಂದರು ಮ್ಯಾನೇಜರು. ಅವರ ಹತ್ತಿರ ಲ್ಯಾಪ್‌ಟಾಪೇ ಇಲ್ಲವಲ್ಲ ಎಂದು ಇವನು ಕೊನೆಯ ಬಾಣ ಬಿಟ್ಟ. ಸ್ಟೋರ್‌ಕೀಪರರು ಆಗಲೇ ಬೀರು ತೆರೆದು ಹೊಸದರ ಕವರು ಬಿಚ್ಚುತ್ತಿದ್ದರು. ಇಲ್ಲದವರಿಗೆ ಕೊಡಲು ಏನೂ ಕೆಡಬೇಕಿಲ್ಲ, ಅದೂ ನಿಯಮವೇ ಎಂದರು.

"ಸಾರ್, ಕೆಳಗೆ ಲೈಟೂ ಸರಿಯಾಗಿಲ್ಲ, ಬರೀ ಕತ್ತಲೆ," ಎಂದ ಗುಮಾಸ್ತ.

"ಒಳ್ಳೇದೇ ಆಯ್ತಲ್ರೀ," ಎಂದರು ಮ್ಯಾನೇಜರು, "ಪರದೆ ಬೆಳಗಿದ್ದು ಚೆನ್ನಾಗಿ ಗೊತ್ತಾಗುತ್ತೆ."